ಸಂಜೆ ಸಾಂಬ್ರಾದಿಂದ ವಿಮಾನ, ಹಗಲೆಲ್ಲ ಗಾಳಿ: ಬೆಳಗಾವಿಯನ್ನು ಒಂದೇ ದಿನದಲ್ಲಿ ನೋಡುವ ಕ್ರಮ

ಬೆಳಗಾವಿಗೆ ಮದುವೆಗೋ ಕಚೇರಿಯ ಕೆಲಸಕ್ಕೋ ಬಂದವರ ಕೊನೆಯ ದಿನ ಹೆಚ್ಚಾಗಿ ಒಂದೇ ರೀತಿ ಕಳೆದುಹೋಗುತ್ತದೆ. ವಿಮಾನ ಸಂಜೆಗೆ ಇರುತ್ತದೆ, ಲಾಡ್ಜಿನ ಕೋಣೆಯನ್ನು ಬೆಳಿಗ್ಗೆಯೇ ಬಿಡಬೇಕಾಗಿರುತ್ತದೆ, ನಡುವಿನ ಏಳೆಂಟು ತಾಸು ಬ್ಯಾಗು ಕಾಯುವುದರಲ್ಲಿ ಮುಗಿಯುತ್ತದೆ. ಅಶ್ವಯುಜ, ಕಾರ್ತಿಕ ಮಾಸಗಳಲ್ಲಿ ಇದಕ್ಕೆ ಗಾಳಿಯೂ ಸೇರಿಕೊಳ್ಳುತ್ತದೆ. ನಮ್ಮ ಮನೆಗೆ ಬಂದು ಹೋಗುವ ನೆಂಟರಿಗೆ ಊರು ತೋರಿಸಿ, ಅವರನ್ನು ಸಾಂಬ್ರಾದ ವಿಮಾನ ನಿಲ್ದಾಣಕ್ಕೆ ಮುಟ್ಟಿಸುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿರುವ ನಾನು ಕಂಡುಕೊಂಡ ಕ್ರಮ ಇಷ್ಟು: ದಿನದ ಲೆಕ್ಕವನ್ನು ವಿಮಾನದ ಹೊತ್ತಿನಿಂದ ಹಿಂದಕ್ಕೆ ಹಾಕಬೇಕು, ಯಾವ ಜಾಗವನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದನ್ನು ಗಾಳಿಗೆ ಬಿಡಬೇಕು.

ಮೊದಲು ಗಾಳಿಯನ್ನು ತಿಳಿದುಕೊಳ್ಳುವುದು

ಬೆಳಗಾವಿ ಸಹ್ಯಾದ್ರಿಯ ಪೂರ್ವದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೀಸುವುದು ಪಡುವಣ ಗಾಳಿ. ಅದು ಮಳೆಯನ್ನು ಹೊತ್ತು ತರುತ್ತದೆ. ಅಕ್ಟೋಬರ್ ನಡುವಿನ ಹೊತ್ತಿಗೆ ಅದು ತಿರುಗಿ ಮೂಡಣದ ಒಣಗಾಳಿಯಾಗುತ್ತದೆ. ಈ ಎರಡರ ನಡುವಿನ ದಿನಗಳಲ್ಲಿ, ಅಂದರೆ ಹಸ್ತ, ಚಿತ್ತಾ ಮಳೆಗಳ ಕಾಲದಲ್ಲಿ, ಮಧ್ಯಾಹ್ನದವರೆಗೆ ಬಿಸಿಲು ಕಾಯ್ದು, ನಾಲ್ಕರ ಸುಮಾರಿಗೆ ಮೋಡ ಕಟ್ಟಿ, ಗುಡುಗಿನ ಮುಂದೆ ಧೂಳೆಬ್ಬಿಸಿಕೊಂಡು ಬರುವ ಗಾಳಿಯೂ ಉಂಟು. ಪ್ರಯಾಣಿಕರು ಮೂಡಣ ಗಾಳಿಯನ್ನೂ ಈ ಗುಡುಗಿನ ಗಾಳಿಯನ್ನೂ ಬೇರೆಬೇರೆಯಾಗಿ ಎಣಿಸಬೇಕು. ಇಡೀ ದಿನ ಒಂದೇ ದಿಕ್ಕಿನಿಂದ ಬೀಸುವ ಮೂಡಣ ಗಾಳಿ ಸೆರಗು, ಟೋಪಿಗಳಿಗೆ ಕಾಟ ಕೊಡುತ್ತದೆಯೇ ಹೊರತು ವಿಮಾನವನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ವಿಮಾನವನ್ನು ತಡೆಯುವುದು ಗುಡುಗಿನ ಮೋಡ.

ಇನ್ನೊಂದು ಸಂಗತಿ ಇಡೀ ದಿನದ ಯೋಜನೆಗೆ ಆಧಾರವಾಗುತ್ತದೆ. ಬೆಳಗಿನ ಜಾವ ನೆಲ ತಣ್ಣಗಿರುವುದರಿಂದ ಅದರ ಮೇಲಿನ ತಂಪು ಗಾಳಿಯ ಪದರು ಅಲುಗಾಡದೆ ನಿಂತಿರುತ್ತದೆ, ಜೋರಾದ ಗಾಳಿ ಅದರ ಮೇಲೆ ಹರಿದುಹೋಗುತ್ತದೆ. ಬಿಸಿಲೇರಿ ನೆಲ ಕಾಯ್ದ ಮೇಲೆ ಕೆಳಗಿನ ಗಾಳಿಯೂ ಮೇಲಿನ ಗಾಳಿಯೂ ಕಲೆತು ರಭಸ ನೆಲಕ್ಕೆ ಇಳಿಯುತ್ತದೆ. ಹೊತ್ತು ಮುಳುಗುತ್ತಿದ್ದಂತೆ ಮತ್ತೆ ತಗ್ಗುತ್ತದೆ. ಆದ್ದರಿಂದ ಗುಡ್ಡಕ್ಕೆ ಬೆಳಿಗ್ಗೆ, ಕಲ್ಲಿನ ಕಟ್ಟಡಕ್ಕೆ ಮಧ್ಯಾಹ್ನ, ಪೇಟೆಗೆ ಅದರ ನಂತರ ಹೋಗುವುದು ಯುಕ್ತ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ, ನಡುಮಧ್ಯಾಹ್ನ ಗುಡ್ಡ ಹತ್ತಿ, ಕಣ್ಣಲ್ಲಿ ಧೂಳು ತುಂಬಿಕೊಂಡು ಇಳಿಯುತ್ತಾರೆ.

ಹಿಂದಿನ ರಾತ್ರಿ

ಟಿಕೆಟ್ಟನ್ನು ಇನ್ನೊಮ್ಮೆ ತೆಗೆದು ನೋಡಬೇಕು. ವಿಮಾನಗಳ ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಿಂದ ಆರಂಭವಾಗುತ್ತದೆ. ದಸರೆಗೆ ಮುಂಚೆ ಕಾಯ್ದಿರಿಸಿದ ಟಿಕೆಟ್ಟಿನ ಪ್ರಯಾಣ ಆ ಭಾನುವಾರದ ಆಚೆಗಿದ್ದರೆ, ಹೊರಡುವ ಹೊತ್ತು ಬದಲಾಗಿ, ಆ ಸಂದೇಶ ಮೊಬೈಲಿನಲ್ಲಿ ನೂರು ಸಂದೇಶಗಳ ಕೆಳಗೆ ಹೂತುಹೋಗಿರಬಹುದು. ವೆಬ್ ಚೆಕ್-ಇನ್ ಕೂಡ ರಾತ್ರಿಯೇ ಮುಗಿಸಬೇಕು.

ಆ ಬಳಿಕ ಸಾಮಾನುಗಳನ್ನು ಎರಡು ಪಾಲು ಮಾಡಬೇಕು. ಉತ್ತರ ಕರ್ನಾಟಕದ ಮನೆಗಳಿಂದ ಹೊರಡುವ ಚೀಲಗಳಲ್ಲಿ ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಕೆಂಪುಖಾರ, ಉಪ್ಪಿನಕಾಯಿ, ಕಡಕ್ ರೊಟ್ಟಿ ಇರಲೇಬೇಕು. ಇವುಗಳಲ್ಲಿ ಖಾರದ ಪುಡಿಯನ್ನೂ ಉಪ್ಪಿನಕಾಯಿಯನ್ನೂ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಬಿಗಿಯಾಗಿ ಕಟ್ಟಿ, ಚೆಕ್-ಇನ್ ಮಾಡುವ ದೊಡ್ಡ ಬ್ಯಾಗಿಗೆ ಹಾಕಬೇಕು. ರೊಟ್ಟಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದೇ ಒಳ್ಳೆಯದು, ಏಕೆಂದರೆ ದೊಡ್ಡ ಬ್ಯಾಗಿನಲ್ಲಿ ಅದು ಊರು ಮುಟ್ಟುವಷ್ಟರಲ್ಲಿ ಪುಡಿಯಾಗುತ್ತದೆ. ಉಡಿ ತುಂಬುವಾಗ ಕೊಟ್ಟ ಇಡಿಯ ಒಣಕೊಬ್ಬರಿ ಬಟ್ಟಲುಗಳು ಬೇರೆಯೇ ಲೆಕ್ಕ. ಅವುಗಳಲ್ಲಿ ಎಣ್ಣೆಯ ಅಂಶ ಹೆಚ್ಚಾಗಿದ್ದು ಬೆಂಕಿಗೆ ಬೇಗ ತುತ್ತಾಗುತ್ತವೆ ಎಂಬ ಕಾರಣದಿಂದ ಚೆಕ್-ಇನ್ ಬ್ಯಾಗಿನಲ್ಲಿ ನಿಷೇಧವಿದೆ; ಕೊಟ್ಟವರ ಮನೆಯ ಅಡುಗೆಗೇ ಬಿಟ್ಟು ಬರುವುದು ಸುಲಭ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ, ಅದು ಕೈಚೀಲದಲ್ಲಿಯೇ ಇರಬೇಕು. ಇಷ್ಟನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಒಮ್ಮೆ ಬೇರೊಂದು ಊರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ, ಅವ್ವ ಎರಡು ದಿನ ಕುಟ್ಟಿ ಕಳಿಸಿದ್ದ ಖಾರದ ಡಬ್ಬಿಯನ್ನು ನನ್ನ ಕೈಯಿಂದಲೇ ಕಸದ ಬುಟ್ಟಿಗೆ ಹಾಕಬೇಕಾಯಿತು. ತಪ್ಪು ನನ್ನದೇ ಆಗಿದ್ದರಿಂದ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ.

ಹಿಂದಕ್ಕೆ ಎಣಿಸುವುದು

ವಿಮಾನ ಸಂಜೆ 6 ಗಂಟೆಗೆ ಎಂದುಕೊಳ್ಳೋಣ. ದೇಶದೊಳಗಿನ ಹಾರಾಟಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲು ಮುಚ್ಚುತ್ತದೆ, ಅಂದರೆ 5ಕ್ಕೆ. ಬ್ಯಾಗು ಕೊಡುವ ಸಾಲಿಗಾಗಿ ಮುಕ್ಕಾಲು ತಾಸು ಹಿಡಿದರೆ ನಿಲ್ದಾಣವನ್ನು 4.15ಕ್ಕೆ ಮುಟ್ಟಬೇಕು. ನಗರದ ನಡುಭಾಗದಿಂದ ಸಾಂಬ್ರಾ ಸುಮಾರು 10 ಕಿಲೋಮೀಟರ್. ಖಾಲಿ ರಸ್ತೆಯಲ್ಲಿ ಅರ್ಧ ತಾಸೂ ಬೇಡ. ಆದರೂ 3.30ಕ್ಕೆ ಹೊರಡಬೇಕು ಎನ್ನುತ್ತೇನೆ.

ಕಾರಣ ಕಬ್ಬು. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದ ಮೇಲೆ ಬೆಳಗಾವಿ ಜಿಲ್ಲೆಯ ಯಾವ ರಸ್ತೆಗೂ ಗಡಿಯಾರದ ಹಂಗಿಲ್ಲ. ಎರಡೆರಡು ಟ್ರೇಲರ್‌ಗಳನ್ನು ಹಿಂದೆ ಕಟ್ಟಿಕೊಂಡು, ಎರಡೂ ಬದಿಗೆ ಕಬ್ಬಿನ ಗಳಗಳನ್ನು ಚಾಚಿಕೊಂಡು ಹೋಗುವ ಟ್ರ್ಯಾಕ್ಟರ್‌ನ ಹಿಂದೆ ಸಿಕ್ಕಿಬಿದ್ದವರು ಅದರ ನಡಿಗೆಗೇ ಒಗ್ಗಿಕೊಳ್ಳಬೇಕು. ಗಾಳಿಯ ದಿನ ರವದಿ, ಅಂದರೆ ಕಬ್ಬಿನ ಒಣಗರಿ, ಹಾರಿ ಬಂದು ಮುಂದಿನ ಗಾಜಿಗೆ ಬಡಿಯುವುದರಿಂದ ಅದನ್ನು ದಾಟಿ ಹೋಗುವ ಸಾಹಸವೂ ಒಳ್ಳೆಯದಲ್ಲ.

ಹೊರಡುವ ದಿನ ನವೆಂಬರ್ 1 ಆಗಿದ್ದರೆ ಲೆಕ್ಕವೇ ಬೇರೆ. ರಾಜ್ಯೋತ್ಸವದ ಮೆರವಣಿಗೆಗೆ ಬೆಳಗಾವಿಯಲ್ಲಿ ಸೇರುವಷ್ಟು ಜನ ಬೇರೆಡೆ ಸೇರುವುದು ಅಪರೂಪ. ರಾಣಿ ಚನ್ನಮ್ಮ ವೃತ್ತದ ಸುತ್ತಲಿನ ರಸ್ತೆಗಳಲ್ಲಿ ಅಂದು ವಾಹನ ಸಾಗುವುದಿಲ್ಲ. ಅಂದು ಮೆರವಣಿಗೆಯನ್ನೇ ನೋಡಬೇಕು, ಬ್ಯಾಗನ್ನು ಮೊದಲೇ ನಗರದ ಪೂರ್ವಭಾಗದಲ್ಲಿ ಯಾರದಾದರೂ ಮನೆಯಲ್ಲಿ ಇಟ್ಟಿರಬೇಕು.

ಗೋಕಾಕಕ್ಕೆ ಹೋಗಿ ಬರಬಹುದಲ್ಲವೇ ಎಂದು ಪ್ರತಿಯೊಬ್ಬ ನೆಂಟರೂ ಕೇಳುತ್ತಾರೆ. ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುವ ಜಲಪಾತಕ್ಕೆ ಮಳೆಗಾಲ ಮುಗಿಯುವ ಈ ಹೊತ್ತು ಒಳ್ಳೆಯದೇ. ಆದರೆ ಅದು ಸುಮಾರು 60 ಕಿಲೋಮೀಟರ್ ದೂರ, ದಾರಿ ಕಬ್ಬಿನ ಸೀಮೆಯ ನಡುವೆ ಹಾಯ್ದು ಹೋಗುತ್ತದೆ, ಗಾಳಿಯ ದಿನ ತೂಗುಸೇತುವೆಯ ಕಡೆಗೆ ಮಕ್ಕಳನ್ನು ಕರೆದೊಯ್ಯುವುದೂ ಕಷ್ಟ. ವಿಮಾನವಿರುವ ದಿನ ನನ್ನ ಉತ್ತರ ಯಾವಾಗಲೂ ಬೇಡವೆಂದೇ. ಕಿತ್ತೂರು, ಹಲಸಿಗಳಿಗೂ ಇದೇ ಮಾತು. ಅವು ಅವಸರದಲ್ಲಿ ನೋಡುವ ಜಾಗಗಳಲ್ಲ.

ಬೆಳಿಗ್ಗೆ 6.30: ಯಳ್ಳೂರಿನ ಗುಡ್ಡ

ಕೋಣೆ ಬಿಡುವಾಗ ದೊಡ್ಡ ಬ್ಯಾಗನ್ನು ಲಾಡ್ಜಿನ ಕೌಂಟರ್ ಬಳಿ ಇಡಲು ಕೇಳಿಕೊಂಡು, ಕೈಚೀಲ ಮಾತ್ರ ಹಿಡಿದು ಹೊರಡಬೇಕು. ನಗರದ ದಕ್ಷಿಣಕ್ಕಿರುವ ಯಳ್ಳೂರಿನ ಕೋಟೆಯನ್ನು ರಾಜಹಂಸಗಡ ಎಂದು ಕರೆಯುತ್ತಾರೆ. ಮೇಲಿನವರೆಗೆ ರಸ್ತೆಯಿದ್ದು, ನಗರದಿಂದ ಮುಕ್ಕಾಲು ತಾಸು ಹಿಡಿದರೆ ಸಾಕು. ಬಸ್ಸನ್ನು ನೆಚ್ಚಿಕೊಳ್ಳದೆ ಕಾರನ್ನೋ ಆಟೋವನ್ನೋ ಹೋಗಿಬರುವ ದರಕ್ಕೆ ಮೊದಲೇ ಮಾತಾಡಿಕೊಳ್ಳಬೇಕು. ಕಾಯುವ ಹೊತ್ತನ್ನೂ ಆ ದರದಲ್ಲಿಯೇ ಸೇರಿಸಬೇಕು.

ಯಳ್ಳೂರು ದಾರಿಯ ಎರಡೂ ಬದಿಗೆ ಭತ್ತದ ಗದ್ದೆಗಳಿವೆ. ಬೆಳಗಾವಿ ಬಾಸುಮತಿ ಎಂದು ಹೆಸರಾದ ಅಕ್ಕಿ ಬೆಳೆಯುವ ಸೀಮೆ ಇದು. ತೆನೆ ಬಾಗಿದ ದಿನಗಳಲ್ಲಿ ಗದ್ದೆಯ ಮೇಲೆ ಗಾಳಿ ಹಾಯುವಾಗ ಹಳದಿಯ ನಡುವೆ ಹಸಿರು ಪಟ್ಟೆ ಎದ್ದು ಮುಳುಗುವುದನ್ನು ಕಾರಿನಿಂದ ಇಳಿದು ಎರಡು ನಿಮಿಷವಾದರೂ ನೋಡಬೇಕು. ಸೀಗೆ ಹುಣ್ಣಿಮೆಯ ಆಸುಪಾಸಿನ ದಿನವಾಗಿದ್ದರೆ, ಬುಟ್ಟಿಯಲ್ಲಿ ಅಡುಗೆ ಹೊತ್ತು ಹೊಲಕ್ಕೆ ಚರಗ ಚೆಲ್ಲಲು (ಭೂಮಿತಾಯಿಗೆ ಎಡೆಯಾಗಿ ಅಡುಗೆಯನ್ನು ಹೊಲದಲ್ಲಿ ಎರಚಲು) ಹೊರಟ ಮನೆಮಂದಿ ದಾರಿಯಲ್ಲಿ ಎದುರಾದಾರು. ಪರಿಚಯವಿಲ್ಲದವರನ್ನೂ ಊಟಕ್ಕೆ ಕರೆಯುವುದು ನಮ್ಮ ಕಡೆಯ ರೂಢಿ.

ಮೇಲೆ ಕೋಟೆಯ ಗೋಡೆ, ಬುರುಜುಗಳು, ಒಳಗೆ ಸಿದ್ಧೇಶ್ವರನ ಗುಡಿ ಇವೆ; 2023ರಲ್ಲಿ ಅನಾವರಣಗೊಂಡ ಶಿವಾಜಿ ಪ್ರತಿಮೆಯೂ ಇದೆ. ನೋಡಬೇಕಾದದ್ದು ಮುಖ್ಯವಾಗಿ ಹೊರಗೆ, ನಾಲ್ಕೂ ದಿಕ್ಕಿಗೆ. ಪಡುವಣದಲ್ಲಿ ಘಟ್ಟದ ನೀಲಿ ಸಾಲು, ಉತ್ತರದಲ್ಲಿ ನಗರ, ಪೂರ್ವಕ್ಕೆ ಮರಗಳು ವಿರಳವಾಗುತ್ತ ಬಯಲುಸೀಮೆಗೆ ತೆರೆದುಕೊಳ್ಳುವ ನೆಲ. ಮಲೆನಾಡು ಎಲ್ಲಿ ಮುಗಿಯಿತು, ಬಯಲು ಎಲ್ಲಿ ಆರಂಭವಾಯಿತು ಎಂಬುದನ್ನು ನಿಂತಲ್ಲೇ ನಿಂತು ನೋಡಲು ಜಿಲ್ಲೆಯಲ್ಲಿ ಇದಕ್ಕಿಂತ ಸುಲಭದ ಜಾಗವನ್ನು ನಾನು ಕಂಡಿಲ್ಲ. ಮುಂಜಾನೆಯೂ ಇಲ್ಲಿ ಗಾಳಿ ಇದ್ದೇ ಇರುತ್ತದೆ, ಮಧ್ಯಾಹ್ನದಷ್ಟಿರುವುದಿಲ್ಲ. ಗೋಡೆಯ ಅಂಚಿಗೆ ನಿಂತು ಫೋಟೋ ತೆಗೆಸಿಕೊಳ್ಳಬಾರದು. ಗಾಳಿ ಸತತವಾಗಿ ಬೀಸುವಾಗ ಮೈ ಅದಕ್ಕೆ ಎದುರಾಗಿ ವಾಲಿಕೊಂಡಿರುತ್ತದೆ, ಅದು ತಟ್ಟನೆ ನಿಂತಾಗ ಹೆಜ್ಜೆ ತಪ್ಪುತ್ತದೆ. ಟೋಪಿಗಿಂತ ಕಿವಿ ಮುಚ್ಚುವಂತೆ ಕಟ್ಟಿದ ಮಫ್ಲರ್ ಅಥವಾ ಟವೆಲ್ ಮೇಲು. ಒಂಬತ್ತರೊಳಗೆ ಇಳಿದುಬಿಡಬೇಕು. ಇಳಿದು ಬಂದು ನಗರದಲ್ಲಿ ಎಲ್ಲಿಯಾದರೂ ಉಪ್ಪಿಟ್ಟು, ಚಹಾ.

ಟಿಳಕವಾಡಿಯಲ್ಲಿ ಅರ್ಧ ತಾಸು

ಮರಳುವ ದಾರಿಯಲ್ಲಿ ಟಿಳಕವಾಡಿ ಸಿಗುತ್ತದೆ. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ತಮ್ಮ ಬಾಳಿನಲ್ಲಿ ಒಂದೇ ಒಂದು ಅಧಿವೇಶನಕ್ಕೆ. ಅದು 1924ರ ಡಿಸೆಂಬರ್‌ನಲ್ಲಿ ಇಲ್ಲಿ ನಡೆದದ್ದು. ಬಂದ ಜನರ ನೀರಿಗಾಗಿ ತೋಡಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಪ್ರಸಿದ್ಧ. ಪಕ್ಕದ ವೀರಸೌಧದಲ್ಲಿ ಆ ದಿನಗಳ ಚಿತ್ರಗಳಿವೆ. ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ಲರು ಆ ಅಧಿವೇಶನದಲ್ಲಿ ಹಾಡಿದ್ದರು ಎಂಬುದನ್ನು ಸಂಗೀತ ಬಲ್ಲ ನೆಂಟರಿಗೆ ಇಲ್ಲಿಯೇ ನಿಂತು ಹೇಳಬೇಕು. ಈ ಭಾಗದ ರೈಲ್ವೆ ಗೇಟುಗಳು ಯಾವಾಗ ಬೀಳುತ್ತವೆಂದು ಹೇಳಲಾಗದು, ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ.

ಹತ್ತೂವರೆಯಿಂದ ಒಂದರವರೆಗೆ: ಕೋಟೆ

ಕೇಂದ್ರ ಬಸ್ ನಿಲ್ದಾಣದ ಹತ್ತಿರವೇ ಕೋಟೆಯಿದೆ. ಮೊದಲು ಎದುರಿನ ಕೋಟೆ ಕೆರೆಯ ದಂಡೆಯಲ್ಲಿರುವ 110 ಮೀಟರ್ ಎತ್ತರದ ಧ್ವಜಸ್ತಂಭವನ್ನು ನೋಡಬೇಕು. ಅಲ್ಲಿ 2018ರಲ್ಲಿ ಮೊದಲ ಬಾರಿಗೆ ಧ್ವಜ ಏರಿತು. ಅಷ್ಟು ದೊಡ್ಡ ಬಟ್ಟೆಯನ್ನು ಗಾಳಿ ಹರಿಯಬಲ್ಲದಾದ್ದರಿಂದ ಎಲ್ಲ ದಿನವೂ ಧ್ವಜವಿರುವುದಿಲ್ಲ. ಇದ್ದ ದಿನ ಮಾತ್ರ ಅದೇ ನಿಮ್ಮ ಗಾಳಿಯ ಸೂಚಿ. ಅದರ ತುದಿ ಪಶ್ಚಿಮಕ್ಕೆ ಚಾಚಿದ್ದರೆ ಗಾಳಿ ಮೂಡಣದ್ದು ಎಂದರ್ಥ; ಇದು ಸಂಜೆ ಇನ್ನೊಮ್ಮೆ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಬೇಕು.

ಕಂದಕ ದಾಟಿ ಒಳಗೆ ಹೋದರೆ ಗಾಳಿಯ ಸದ್ದು ಅರ್ಧಕ್ಕೆ ಇಳಿಯುತ್ತದೆ. ಒಳಗೆ ಸೇನೆಯ ಕಟ್ಟಡಗಳಿರುವುದರಿಂದ ಕ್ಯಾಮೆರಾವನ್ನು ಗುಡಿ, ಬಸದಿಗಳ ಕಡೆಗೆ ಮಾತ್ರ ತಿರುಗಿಸಬೇಕು. ಗುರುತಿನ ಚೀಟಿ ಜೇಬಿನಲ್ಲಿರಲಿ. ಹೊತ್ತು ಕಡಿಮೆಯಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಕಮಲ ಬಸದಿಗೆ ಹೋಗಬೇಕು. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಅಧಿಕಾರಿ ಬೀಚಿರಾಜ 1204ರಲ್ಲಿ ಇಲ್ಲಿ ಈ ಜಿನಾಲಯವನ್ನು ಕಟ್ಟಿಸಿದ. ಅದಕ್ಕೆ ಬಿಟ್ಟ ದತ್ತಿಗಳ ಶಾಸನಗಳು ಈಗ ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಕಲ್ಲು ಇಲ್ಲಿ, ಅದರ ಮಾತು ಅಲ್ಲಿ.

ಬಸದಿಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಚಪ್ಪಲಿ ಬಿಟ್ಟು ಒಳಗೆ ಬಂದ ಕೂಡಲೇ ತಲೆಯೆತ್ತಬಾರದು. ಬಿಸಿಲಿನಿಂದ ಬಂದ ಕಣ್ಣಿಗೆ ಮೇಲೆ ಬರೀ ಕತ್ತಲೆ ಕಾಣುತ್ತದೆ. ಮೊದಲು ಕಂಬಗಳ ಹತ್ತಿರ ನಿಲ್ಲಬೇಕು. ಕಡೆದು ನಯಗೊಳಿಸಿದ ಕರಿಗಲ್ಲಿನಲ್ಲಿ ಬಾಗಿಲಿನ ಬೆಳಕು ಉದ್ದನೆಯ ಗೆರೆಯಾಗಿ ಹೊಳೆಯುತ್ತದೆ, ನೋಡುವವರು ಪಕ್ಕಕ್ಕೆ ಸರಿದಂತೆ ಆ ಗೆರೆಯೂ ಸರಿಯುತ್ತದೆ. ಐದು ನಿಮಿಷ ಕಳೆದ ಮೇಲೆ ಕಮಲದ ಕೆಳಗೆ ಬಂದು ಮೇಲೆ ನೋಡಬೇಕು. ಛತ್ತಿನಿಂದ ಕೆಳಮುಖವಾಗಿ ಇಳಿಬಿದ್ದ ಕಲ್ಲಿನ ಕಮಲ ಅದು; 72 ಎಸಳು, ಹಿಂದಿನ, ಇಂದಿನ, ಮುಂದಿನ ಕಾಲಗಳ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ತೀರ್ಥಂಕರರ ಲೆಕ್ಕಕ್ಕೆ. ಕುತ್ತಿಗೆ ನೋಯುವವರೆಗೆ ಎಣಿಸಿದರೂ ನನಗೆ ಒಮ್ಮೆಯೂ ಎಣಿಕೆ ಪೂರ್ತಿಯಾಗಿಲ್ಲ. ಗರ್ಭಗುಡಿಯಲ್ಲಿ ನೇಮಿನಾಥ ಕುಳಿತಿದ್ದಾನೆ. ಕಳೆದ ಕಾರ್ತಿಕದಲ್ಲಿ ನಾವು ಹೋದಾಗ ಹೊರಗೆ ಒಣ ಎಲೆಗಳು ಅಂಗಳದ ತುಂಬ ಸುತ್ತುತ್ತಿದ್ದವು, ಒಳಗಿನ ಎಣ್ಣೆದೀಪದ ಕುಡಿ ಮಾತ್ರ ಅಲುಗದೆ ನೆಟ್ಟಗೆ ನಿಂತಿತ್ತು. ನಮ್ಮ ಕಾಕು (ಚಿಕ್ಕಮ್ಮ) ಅದನ್ನೇ ಬಹಳ ಹೊತ್ತು ನೋಡಿ, ವಿಗ್ರಹಕ್ಕೆ ಆಮೇಲೆ ಕೈಮುಗಿದರು.

ಪಕ್ಕದಲ್ಲಿ ಚಿಕ್ಕ ಬಸದಿ ಇದೆ. ಆದಿಲ್‌ಶಾಹಿ ಕಾಲದ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿಯೂ ಕೋಟೆಯೊಳಗೇ ಇದೆ. ರಾಮಕೃಷ್ಣ ಮಿಷನ್ ಆಶ್ರಮದ ಆವರಣದಲ್ಲಿರುವ ಹಳೆಯ ಮನೆಯಲ್ಲಿ 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಅರಣ್ಯಾಧಿಕಾರಿ ಹರಿಪದ ಮಿತ್ರರ ಅತಿಥಿಯಾಗಿ ತಂಗಿದ್ದರು. ಅವರು ಬಂದದ್ದೂ ಇದೇ ಋತುವಿನಲ್ಲಿ. ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಮಿಲಿಟರಿ ಮಹಾದೇವ ಗುಡಿ ಮಕ್ಕಳಿದ್ದವರಿಗೆ ಒಳ್ಳೆಯದು, ಇಲ್ಲದವರು ಬಿಡಬಹುದು.

ಒಂದರಿಂದ ಮೂರೂವರೆ: ಊಟ, ಕುಂದಾ, ಮತ್ತೆ ಬ್ಯಾಗು

ಊಟಕ್ಕೆ ಖಾನಾವಳಿಯೇ ಸರಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಹಿಂಡಿ, ಮೊಸರು. ಹಾರಾಟದ ದಿನ ಮೂರನೆಯ ರೊಟ್ಟಿಗೆ ಬೇಡವೆನ್ನುವುದು ವಿವೇಕ. ಮಧ್ಯಾಹ್ನದ ಬಿಸಿಗಾಳಿ ಮೇಲೇಳುತ್ತಿರುವಾಗ ಸಣ್ಣ ವಿಮಾನ ಸ್ವಲ್ಪ ಕುಲುಕುತ್ತದೆ. ಹೊಟ್ಟೆ ಸೂಕ್ಷ್ಮವಿರುವವರು ಟಿಕೆಟ್ ತೆಗೆಸುವಾಗಲೇ ಮಧ್ಯಾಹ್ನದ ಬದಲು ಸಂಜೆಯದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕುಂದಾ ಕೊಳ್ಳದೆ ಬೆಳಗಾವಿ ಬಿಟ್ಟವರನ್ನು ಮನೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಹಾಲನ್ನು ಬತ್ತಿಸಿ, ಖವಾ, ಸಕ್ಕರೆ ಸೇರಿಸಿ, ತಳ ಹತ್ತದಂತೆ ಕೈಯಾಡಿಸುತ್ತ ಕಂದು ಬಣ್ಣಕ್ಕೆ ತರುವ ಸಿಹಿ ಇದು. ಆ ಬಣ್ಣ ಕಾಸುವ ತಾಳ್ಮೆಯಿಂದ ಬರಬೇಕು. ಕೊಳ್ಳುವ ಮೊದಲು ಚಮಚದಷ್ಟು ಬಾಯಿಗೆ ಹಾಕಿಕೊಂಡು ನೋಡಬೇಕು. ಹರಳುಹರಳಾಗಿ, ತುಸು ಕಾಸಿದ ಹಾಲಿನ ಕಂಪಿನೊಂದಿಗೆ ಕರಗಿದರೆ ಸರಿ. ಬರೀ ಸಕ್ಕರೆ ನಾಲಿಗೆಗೆ ತಾಗಿದರೆ ಮುಂದಿನ ಅಂಗಡಿಗೆ ನಡೆಯಬೇಕು. ಹಾಲಿನ ಸಿಹಿಯಾದ್ದರಿಂದ ಬಹಳ ದಿನ ಬಾಳುವುದಿಲ್ಲ, ಆ ದಿನವೇ ಮಾಡಿದ್ದನ್ನು ಕೇಳಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಕಟ್ಟಿಸಬೇಕು. ಒಂದು ವಾರದ ಮೇಲೆ ಹಂಚುವುದಿದ್ದರೆ ಗೋಕಾಕದ ಕರದಂಟು ಒಯ್ಯಿರಿ. ಕರಿದ ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿಗಳ ಅದು ತಡೆಯುತ್ತದೆ. ಗೋಕಾಕಕ್ಕೆ ಹೋಗಲಿಲ್ಲವೆಂಬ ಕೊರಗಿಗೂ ಅದೇ ಮದ್ದು. ಖಡೇಬಜಾರ, ಗಣಪತಿ ಗಲ್ಲಿಗಳಲ್ಲಿ ಸುತ್ತಾಡುವಾಗ ಕೊಳ್ಳುವ ಪ್ರತಿಯೊಂದನ್ನೂ ತೂಕದ ಮಿತಿಗೆ ಹಿಡಿದು ನೋಡಬೇಕು. ಹೆಚ್ಚಿನ ಟಿಕೆಟ್ಟುಗಳಲ್ಲಿ ಚೆಕ್-ಇನ್ ಬ್ಯಾಗಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಎರಡು ಕಿಲೋ ಕುಂದಾ ಎಂದರೆ ಕೈಚೀಲದ ಕಾಲುಭಾಗಕ್ಕೂ ಹೆಚ್ಚು.

ಮೂರಕ್ಕೆ ಲಾಡ್ಜಿನಿಂದ ಬ್ಯಾಗು ಎತ್ತಿಕೊಂಡು, ಮೂರೂವರೆಗೆ ಹೊರಡುವುದು. ಹೊರಡುವಾಗ ಒಮ್ಮೆ ಆಕಾಶ ನೋಡಬೇಕು. ಗೋಪುರದಂತೆ ಮೇಲಕ್ಕೆ ಬೆಳೆದ ಮೋಡದ ತಳ ಕಪ್ಪಾಗಿದ್ದರೆ ವಿಮಾನ ತಡವಾಗುವ ಸಂಭವವಿದೆ. ವಿಮಾನ ತಡವಾದರೂ ಕೌಂಟರ್ ಮುಚ್ಚುವ ಹೊತ್ತು ತಡವಾಗುತ್ತದೆಂದು ನಂಬಬಾರದು.

ಸಾಂಬ್ರಾದಲ್ಲಿ

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಮಾಡಿದ ನೆಲ ಇದು; ಈಗಿನ ಟರ್ಮಿನಲ್ 2017ರದ್ದು. ಪಕ್ಕದಲ್ಲಿಯೇ ವಾಯುಪಡೆಯ ನೆಲೆಯಿರುವುದರಿಂದ ರನ್‌ವೇ ಕಡೆಗೆ ಮೊಬೈಲ್ ಎತ್ತಬಾರದು. ರನ್‌ವೇ ಪೂರ್ವ-ಪಶ್ಚಿಮವಾಗಿ ಚಾಚಿದೆ. ವಿಮಾನ ಗಾಳಿಗೆ ಎದುರಾಗಿ ಓಡಿ ಏರುತ್ತದೆ, ಏಕೆಂದರೆ ಎದುರುಗಾಳಿಯಲ್ಲಿ ಕಡಿಮೆ ಓಟಕ್ಕೇ ರೆಕ್ಕೆಗೆ ಬೇಕಾದ ಬಲ ಸಿಗುತ್ತದೆ. ಬೆಳಿಗ್ಗೆ ಕೋಟೆ ಕೆರೆಯ ಧ್ವಜ ಪಶ್ಚಿಮಕ್ಕೆ ಚಾಚಿದ್ದರೆ ವಿಮಾನ ಬಹುತೇಕ ಪೂರ್ವಕ್ಕೆ, ಎರೆಹೊಲಗಳ ಕಡೆಗೆ ಏರುತ್ತದೆ. ಗಾಳಿ ಪಡುವಣದ್ದಾಗಿದ್ದರೆ ನಗರದ ಕಡೆಗೆ. ಈ ರನ್‌ವೇಗೆ ಮೂಡಣ, ಪಡುವಣ ಗಾಳಿಗಳೆರಡೂ ಅನುಕೂಲವೇ. ಅಡ್ಡ ಬೀಸುವ ಉತ್ತರ, ದಕ್ಷಿಣದ ಗಾಳಿಗಳೇ ಪೈಲಟ್‌ಗಳಿಗೆ ತೊಡಕು.

ಬಂದದ್ದು ಪಂಖಗಳಿರುವ ಚಿಕ್ಕ ಎಟಿಆರ್ ವಿಮಾನವಾಗಿದ್ದರೆ ಎರಡು ಸೂಚನೆಗಳಿವೆ. ಅದರ ಪ್ರಯಾಣಿಕರ ಬಾಗಿಲು ಹಿಂಭಾಗದಲ್ಲಿದೆ, ಆದ್ದರಿಂದ ಮೊದಲು ಇಳಿಯಬೇಕೆಂದು ಮುಂದಿನ ಸೀಟು ಹಿಡಿದವರು ಕೊನೆಗೆ ಇಳಿಯುತ್ತಾರೆ. ತಲೆಯ ಮೇಲಿನ ಗೂಡುಗಳು ಚಿಕ್ಕವು. ಕುಂದಾದ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಳ್ಳುವುದೇ ಕ್ಷೇಮ. ಟರ್ಮಿನಲ್ಲಿನಿಂದ ವಿಮಾನದವರೆಗೆ ಬಯಲಿನಲ್ಲಿ ನಡೆಯುವಾಗ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಆಡಿಸದೆ ಜೇಬಿನಲ್ಲಿ ಇಡಬೇಕು, ಶಾಲು, ದುಪಟ್ಟಾಗಳನ್ನು ಸೊಂಟಕ್ಕೆ ಸುತ್ತಿಕೊಳ್ಳಬೇಕು, ಮಕ್ಕಳ ಟೋಪಿಯನ್ನು ತೆಗೆದು ಚೀಲದಲ್ಲಿಡಬೇಕು. ನಮ್ಮ ಕಾಕು ಆ ಕಾರ್ತಿಕದ ಸಂಜೆ ಬಾಗಿಲಿನಲ್ಲಿ ನಿಂತು, “ತಮ್ಮಾ, ಸೆರಗ ಹಿಡ್ಕೊಳ್ಲೋ, ಕುಂದಾ ಹಿಡ್ಕೊಳ್ಲೋ?” ಎಂದು ಕೇಳಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು, ಗಾಳಿಗೆ ತಲೆ ಬಾಗಿಸಿ ನಡೆದು ಹೋದರು.